ಜಿಮ್ಮಿನ ಬಾಗಿಲು ಇವರಿಗೇಕೆ ಮುಚ್ಚಿದೆ?

ಊರಲ್ಲಿ ಈಗ ಬೀದಿಗೊಂದು ಜಿಮ್. ಕಿರಾಣಿ ಅಂಗಡಿ ಮೇಲೊಂದು, ಬಸ್ ಸ್ಟ್ಯಾಂಡ್ ಹಿಂದೊಂದು. ದುಡ್ಡು ಕಟ್ಟಿದವರಿಗೆಲ್ಲ ಸ್ವಾಗತ. ಆದರೆ ಬುದ್ಧಿ ಬೆಳವಣಿಗೆ ನಿಧಾನವಾದ ಮಗನ ಕೈ ಹಿಡಿದು ತಾಯಿಯೊಬ್ಬರು ಬಂದರೆ ಮಾಸ್ತರರ ಮುಖ ಸಪ್ಪಗಾಗುತ್ತದೆ. "ಇಲ್ಲಿ ಆಗೋಲ್ಲಮ್ಮ. ಬಿದ್ದುಗಿದ್ದರೆ ಯಾರು ಜವಾಬ್ದಾರಿ?"

ಪ್ರಶ್ನೆ ಸುಳ್ಳಲ್ಲ. ಆದರೆ ಬಾಗಿಲು ಮುಚ್ಚುವುದು ಅದಕ್ಕೆ ಉತ್ತರವಲ್ಲ. ಮನೆ ಮೂಲೆಯಲ್ಲಿ ಕೂತು ಕೂತು ಮೈ ಬಂದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇವರನ್ನು ಬಿಟ್ಟೀತೇ? ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಾಗ ಅಂಗವಿಕಲರನ್ನೂ ಸೇರಿಸಿಯೇ ಹೇಳಿತು.

ಇದಕ್ಕೆ ಹೊಸ ಮಿಷನ್ ಬೇಡ, ತಾಳ್ಮೆ ಬೇಕು. ದಿನಾ ಅದೇ ಹೊತ್ತಿಗೆ ಅದೇ ಬಸ್ಸು ಹತ್ತುವವನಿಗೆ ಬೋರ್ಡು ಓದಲು ಬಾರದಿದ್ದರೂ ಸ್ಟಾಪು ತಪ್ಪುವುದಿಲ್ಲ. ವ್ಯಾಯಾಮವೂ ಹಾಗೇ. ಅದೇ ಹೊತ್ತು, ಅದೇ ಕ್ರಮ, ಒಂದು ಸಲಕ್ಕೆ ಒಂದೇ ಮಾತು. ಹೇಳುವುದಕ್ಕಿಂತ ಮಾಡಿ ತೋರಿಸುವುದು ಮೇಲು. "ಗೊತ್ತಾಯ್ತಾ?" ಅಂದರೆ ಸುಮ್ಮನೆ ಹೂಂ ಅಂದುಬಿಡುವವರುಂಟು. "ಎಲ್ಲಿ, ಮಾಡಿ ತೋರಿಸಿ" ಅನ್ನಬೇಕು. ಹಾಡಿನ ಅಬ್ಬರ ಕೆಲವರಿಗೆ ಆಗದು; ತಗ್ಗಿಸಿದರೆ ಯಾರ ಗಂಟೂ ಹೋಗದು. ಇಪ್ಪತ್ತೈದರ ಯುವಕನನ್ನು "ಪುಟ್ಟಾ" ಅನ್ನುವುದೂ ಬೇಡ, ಅವನು ಎದುರಿಗೇ ಇರುವಾಗ ಎಲ್ಲವನ್ನೂ ತಾಯಿಯನ್ನೇ ಕೇಳುವುದೂ ಬೇಡ.

ಎಚ್ಚರವೂ ಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವರಿಗೆ ಕತ್ತಿನ ಮೇಲಿನ ಕೀಲು ಸಡಿಲ. ಅಂಥವರಿಗೆ ಲಾಗ, ಶೀರ್ಷಾಸನ, ಕತ್ತಿನ ಮೇಲೆ ಭಾರ ಹೊರುವುದು ಅಪಾಯ. ಡೌನ್ ಸಿಂಡ್ರೋಮ್ ಇರುವವರಲ್ಲಿ ಸುಮಾರು ಅರ್ಧ ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷ. ಮೂರ್ಛೆ ರೋಗವಿದ್ದವರನ್ನು ಟ್ರೆಡ್‌ಮಿಲ್ ಮೇಲೆ ಒಬ್ಬರನ್ನೇ ಬಿಡಬಾರದು. ಮೊದಲು ಡಾಕ್ಟರ ಚೀಟಿ ತರಿಸಿದರೆ "ಯಾರು ಜವಾಬ್ದಾರಿ" ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಇವರಿಂದ ಏನಾದೀತು ಅನ್ನುವವರು ಇಷ್ಟು ತಿಳಿಯಲಿ. ಇವರಿಗಾಗಿಯೇ ಇರುವ ಸ್ಪೆಷಲ್ ಒಲಿಂಪಿಕ್ಸ್ 1968ರಲ್ಲಿ ಷಿಕಾಗೋದಲ್ಲಿ ಶುರುವಾಯಿತು. ಅದರಲ್ಲಿ ಪವರ್‌ಲಿಫ್ಟಿಂಗೂ ಉಂಟು. 2023ರಲ್ಲಿ ಬರ್ಲಿನ್ ಕೂಟದಲ್ಲಿ ಭಾರತದವರು ಗೆದ್ದ ಪದಕ 202. ಚಿನ್ನವೇ 76!

ಅಂಗವಿಕಲರು ಕ್ರೀಡೆಯಲ್ಲಿ ಪಾಲ್ಗೊಳ್ಳುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಂ ಹೇಳುತ್ತದೆ. ಕಾಯ್ದೆ ಪುಸ್ತಕದಲ್ಲೇ ಮಲಗಿದ್ದರೆ ಏನು ಬಂತು? ಕ್ರೀಡಾ ಇಲಾಖೆ ವಿಶೇಷ ಶಾಲೆಗಳ ಶಿಕ್ಷಕರನ್ನು ಕರೆಸಿ ಜಿಮ್ ಮಾಸ್ತರರಿಗೆ ಎರಡು ದಿನ ತರಬೇತಿ ಕೊಡಿಸಲಿ.

ಖಾಸಗಿಯವರು ಇಲಾಖೆಗೆ ಕಾಯಬೇಕಿಲ್ಲ. ಬೆಳಗಿನ ಗದ್ದಲ ಮುಗಿದ ಮೇಲೆ ಸಂಜೆವರೆಗೂ ಜಿಮ್ಮುಗಳು ಖಾಲಿ ಹೊಡೆಯುತ್ತವೆ. ಅದರಲ್ಲೊಂದು ಗಂಟೆಯಿಂದ ಶುರು ಮಾಡಲಿ. ವ್ಯಾಪಾರವಿಲ್ಲದ ಹೊತ್ತಲ್ಲಿ ಬಂದ ಗಿರಾಕಿಯನ್ನು ಯಾವ ಅಂಗಡಿಯವನೂ ವಾಪಸ್ ಕಳಿಸನು. ಜಿಮ್ಮಿನವರಿಗೆ ಈ ಲೆಕ್ಕ ಯಾಕೆ ಹತ್ತುತ್ತಿಲ್ಲ?