ಆಪತ್ತಿನ ಸೇವೆಗೆ ವಿದ್ಯಾರ್ಥಿಗಳು: ಬಸ್ ಚಾರ್ಜು ಕೊಡುವವರು ಯಾರು?

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ಇಡೀ ಕರಾವಳಿ ತಲ್ಲಣಿಸಿತು. ಗಂಗಾವಳಿ ನದಿಯಲ್ಲಿ ಮುಳುಗಿದ್ದ ಲಾರಿ ಮತ್ತು ಅದರ ಚಾಲಕನ ಮೃತದೇಹ ಸಿಕ್ಕಿದ್ದು ಎರಡು ತಿಂಗಳ ನಂತರ, ಸೆಪ್ಟೆಂಬರ್ 25ರಂದು. ಶಿರೂರಿನ ದುರಂತ ನಡೆದು ಹದಿನಾಲ್ಕು ದಿನಗಳಾಗುವಷ್ಟರಲ್ಲಿ, ಜುಲೈ 30ರ ಮುಂಜಾನೆ, ವಯನಾಡಿನಲ್ಲಿ ಭೂಕುಸಿತ ನೂರಾರು ಮಂದಿಯನ್ನು ಬಲಿ ತೆಗೆದುಕೊಂಡಿತು. ನಾವೆಲ್ಲ ಪ್ರಾರ್ಥಿಸಿದೆವು, ಕೈಲಾದಷ್ಟು ಕೊಟ್ಟೆವು.

ಇಂತಹ ಸಂದರ್ಭಗಳಲ್ಲಿ ನಮಗೆ ಟಿ.ವಿ.ಯಲ್ಲಿ ಕಾಣುವುದು ರಕ್ಷಣಾ ಕಾರ್ಯ. ಕಾಣದೆ ಉಳಿಯುವುದು ಅದಕ್ಕೆ ಮೊದಲು ಆಗಬೇಕಿದ್ದ ಸಿದ್ಧತೆ. ಗುಡ್ಡದ ಬುಡದಲ್ಲಿ ಎಷ್ಟು ಮನೆಗಳಿವೆ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಯಾರಿಗೆ ವಾರಕ್ಕೆರಡು ಬಾರಿ ಡಯಾಲಿಸಿಸ್ ಆಗಬೇಕು, ಯಾವ ಶಾಲೆಯ ಕಟ್ಟಡ ಗಂಜಿಕೇಂದ್ರಕ್ಕೆ ಯೋಗ್ಯ, ಅಲ್ಲಿ ನೀರು-ಶೌಚಾಲಯ ಇದೆಯೇ? ಇವೆಲ್ಲ ಮನೆ ಮನೆಗೆ ನಡೆದು, ಕೇಳಿ, ಬರೆದುಕೊಳ್ಳಬೇಕಾದ ವಿಷಯಗಳು. ಮಲೇರಿಯಾ, ಡೆಂಗ್ಯೂ ತಡೆಯುವ ಕೆಲಸವೂ ಅಷ್ಟೇ. ತೊಟ್ಟಿ, ಟಯರು, ತಾರಸಿಯ ನೀರನ್ನು ಯಾರಾದರೂ ಹೋಗಿ ನೋಡದೆ ಲಾರ್ವಾ ಸಿಗುವುದಿಲ್ಲ.

ಈ ಕೆಲಸಕ್ಕೆ ಕಾಲೇಜು ವಿದ್ಯಾರ್ಥಿಗಳು ಬಹಳ ಯೋಗ್ಯರು. ಸಮಾಜಕಾರ್ಯ, ನರ್ಸಿಂಗ್, ಸಾರ್ವಜನಿಕ ಆರೋಗ್ಯ, ಭೂಗೋಳ, ಕಂಪ್ಯೂಟರ್ ಓದುವವರಿಗೆ ಇದು ಪಾಠವೂ ಹೌದು. ಹೀಗಿರುವಾಗ, ಸರ್ಕಾರದ ಆರೋಗ್ಯ ಮತ್ತು ವಿಪತ್ತು ನಿರ್ವಹಣಾ ಕಚೇರಿಗಳಲ್ಲಿ ವಿದ್ಯಾರ್ಥಿಗಳು ಇಂಟರ್ನ್‌ಶಿಪ್ ಮಾಡುವುದಾದರೆ ಅವರಿಗೆ ಶಿಷ್ಯವೇತನ ಕೊಡಬೇಕೇ ಬೇಡವೇ ಎಂಬುದು ಸಣ್ಣ ಪ್ರಶ್ನೆಯೇನಲ್ಲ. ಅದು ನಮ್ಮ ಧರ್ಮಕೇಂದ್ರಗಳ ಬಡ ಕುಟುಂಬಗಳ ಮಕ್ಕಳಿಗೆ ನೇರವಾಗಿ ತಟ್ಟುವ ವಿಷಯ.

ಈಗ ಏನೇನಿದೆ?

ಕೇಂದ್ರ ಸರ್ಕಾರದ 'ಆಪದ ಮಿತ್ರ' ಯೋಜನೆ 2016ರಲ್ಲಿ ನೆರೆಪೀಡಿತ 30 ಜಿಲ್ಲೆಗಳಲ್ಲಿ, ಜಿಲ್ಲೆಗೆ 200ರಂತೆ 6,000 ಸ್ವಯಂಸೇವಕರಿಗೆ ತರಬೇತಿ ನೀಡುವ ಪ್ರಯೋಗವಾಗಿ ಆರಂಭವಾಯಿತು. ಬಳಿಕ 350 ಜಿಲ್ಲೆಗಳ ಒಂದು ಲಕ್ಷ ಸ್ವಯಂಸೇವಕರಿಗೆ ಅದನ್ನು ವಿಸ್ತರಿಸಲಾಯಿತು. ಎನ್.ಸಿ.ಸಿ., ಎನ್.ಎಸ್.ಎಸ್., ನೆಹರೂ ಯುವ ಕೇಂದ್ರ, ಸ್ಕೌಟ್ಸ್ ಮತ್ತು ಗೈಡ್ಸ್ ಯುವಜನರಿಗಾಗಿ 'ಯುವ ಆಪದ ಮಿತ್ರ'ವೂ ಬಂದಿದೆ. ಒಳ್ಳೆಯ ಯೋಜನೆಗಳೇ. ತರಬೇತಿ, ಸಲಕರಣೆಗಳ ಕಿಟ್, ವಿಮೆ ಸಿಗುತ್ತವೆ. ಆದರೆ ಇದು ಸ್ವಯಂಸೇವೆ. ವಿಪತ್ತು ಬಂದಾಗ ಕರೆಯುವ ಪಡೆಯೇ ಹೊರತು, ತಿಂಗಳುಗಟ್ಟಲೆ ಕಚೇರಿಯಲ್ಲಿ ಕುಳಿತು ಸಿದ್ಧತೆ ಮಾಡುವ ಅವಕಾಶವಲ್ಲ.

2024ರ ಕೇಂದ್ರ ಬಜೆಟ್‌ನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಘೋಷಣೆಯಾಯಿತು. ಐದು ವರ್ಷಗಳಲ್ಲಿ ಒಂದು ಕೋಟಿ ಯುವಜನರಿಗೆ ಅವಕಾಶ, ತಿಂಗಳಿಗೆ 5,000 ರೂಪಾಯಿ, ಜೊತೆಗೆ ಒಂದು ಬಾರಿ 6,000 ರೂಪಾಯಿ ಎಂದು ಆಗ ಹೇಳಲಾಯಿತು. ಆದರೆ ಅದು ದೇಶದ 500 ದೊಡ್ಡ ಕಂಪೆನಿಗಳಿಗಾಗಿ ರೂಪಿಸಿದ ಯೋಜನೆ. ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿ ಅದರಲ್ಲಿ ಬರಲಿಲ್ಲ. ಪೂರ್ಣಾವಧಿ ಕಾಲೇಜಿಗೆ ಹೋಗುವವರು ಅರ್ಜಿ ಹಾಕುವಂತೆಯೂ ಇರಲಿಲ್ಲ.

ಸರ್ಕಾರದ ಕಚೇರಿಗಳಲ್ಲೇ ಒಂದೊಂದು ಕಡೆ ಒಂದೊಂದು ನ್ಯಾಯ. ವಿದೇಶಾಂಗ ಸಚಿವಾಲಯ ತನ್ನ ಇಂಟರ್ನ್‌ಗಳಿಗೆ ತಿಂಗಳಿಗೆ 10,000 ರೂಪಾಯಿ ಗೌರವಧನ ಗೊತ್ತುಮಾಡಿತು. ದೇಶದ ಯೋಜನೆಗಳನ್ನು ರೂಪಿಸುವ ನೀತಿ ಆಯೋಗದ ನಿಯಮದಲ್ಲಿ ಮಾತ್ರ ಇಂಟರ್ನ್‌ಶಿಪ್‌ಗೆ ಸಂಭಾವನೆ ಇಲ್ಲ. ಲ್ಯಾಪ್‌ಟಾಪನ್ನೂ ವಿದ್ಯಾರ್ಥಿಯೇ ತರಬೇಕು!

ಆರೋಗ್ಯ ಕ್ಷೇತ್ರದ ಒಳಗೇ ಇರುವ ತಾರತಮ್ಯ ಇನ್ನೂ ಸ್ಪಷ್ಟ. ಎಂ.ಬಿ.ಬಿ.ಎಸ್. ಮುಗಿಸಿದವರು ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್ ಮಾಡಬೇಕು. ಅದರಲ್ಲಿ 12 ವಾರ ಸಮುದಾಯ ವೈದ್ಯಶಾಸ್ತ್ರಕ್ಕೆ ಮೀಸಲು. ಅವರಿಗೆ ಶಿಷ್ಯವೇತನ ಕೊಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಾವಳಿಯೇ ಹೇಳುತ್ತದೆ. ಅದೇ ಹಳ್ಳಿಯಲ್ಲಿ, ಅದೇ ಸಮೀಕ್ಷೆಯ ಫಾರಂ ಹಿಡಿದು ಮನೆ ಮನೆ ಸುತ್ತುವ ಸಮಾಜಕಾರ್ಯದ ವಿದ್ಯಾರ್ಥಿನಿಗೆ ಅಂತಹ ಹಕ್ಕಿಲ್ಲ. ಬಿಸಿಲು ಇಬ್ಬರಿಗೂ ಒಂದೇ ಅಲ್ಲವೇ?

ಜಿನೀವಾದಿಂದ ಒಂದು ಪಾಠ

ಸಂಬಳವಿಲ್ಲದ ಇಂಟರ್ನ್‌ಶಿಪ್‌ನ ತೊಂದರೆ ನಮ್ಮ ದೇಶಕ್ಕೆ ಸೀಮಿತವಲ್ಲ. 2015ರಲ್ಲಿ ಜಿನೀವಾದ ವಿಶ್ವಸಂಸ್ಥೆಯ ಕಚೇರಿಯಲ್ಲಿ ಇಂಟರ್ನ್ ಆಗಿದ್ದ ನ್ಯೂಜಿಲೆಂಡಿನ 22ರ ಹರೆಯದ ಯುವಕನೊಬ್ಬ ಡೇರೆಯಲ್ಲಿ ವಾಸಿಸುತ್ತಿದ್ದ ಸುದ್ದಿ ಜಗತ್ತಿನಾದ್ಯಂತ ಪ್ರಕಟವಾಯಿತು. ಈ ವಿಷಯದತ್ತ ಜನರ ಗಮನ ಸೆಳೆಯುವುದೂ ತನ್ನ ಉದ್ದೇಶವಾಗಿತ್ತೆಂದು ಅವನೇ ಆಮೇಲೆ ಹೇಳಿಕೊಂಡ. ಆದರೂ ಅವನು ಎತ್ತಿದ ಪ್ರಶ್ನೆ ಸುಳ್ಳಾಗಿರಲಿಲ್ಲ. ಅಂತಹ ದುಬಾರಿ ಊರಿನಲ್ಲಿ ಸಂಬಳವಿಲ್ಲದೆ ಆರು ತಿಂಗಳು ಇರಬಲ್ಲವರು ಯಾರು? ಉಳ್ಳವರ ಮಕ್ಕಳು ಮಾತ್ರ.

ಜಗತ್ತಿನ ಬಡವರ ಆರೋಗ್ಯದ ಬಗ್ಗೆ ಚಿಂತಿಸುವ ವಿಶ್ವ ಆರೋಗ್ಯ ಸಂಸ್ಥೆಗೂ ಇದು ಮುಜುಗರದ ವಿಷಯವಾಯಿತು. 2018ರ ವಿಶ್ವ ಆರೋಗ್ಯ ಅಧಿವೇಶನದಲ್ಲಿ ಸದಸ್ಯ ರಾಷ್ಟ್ರಗಳು ನಿರ್ಣಯ ಕೈಗೊಂಡವು. ಅದರಂತೆ 2020ರಿಂದ ಆ ಸಂಸ್ಥೆ ಇಂಟರ್ನ್‌ಗಳಿಗೆ ಭತ್ಯೆ ಕೊಡತೊಡಗಿತು. ಕನಿಷ್ಠ ಅರ್ಧದಷ್ಟು ಮಂದಿ ಬಡ ಹಾಗೂ ಮಧ್ಯಮ ಆದಾಯದ ದೇಶಗಳಿಂದ ಬರಬೇಕೆಂಬ ಗುರಿಯೂ ಆ ನಿರ್ಣಯದಲ್ಲಿತ್ತು. ಭತ್ಯೆ ಎಂಬುದು ಬಾಗಿಲು ಎಂಬುದನ್ನು ಅದು ಒಪ್ಪಿಕೊಂಡಂತಾಯಿತು.

ನಮ್ಮ ಕರಾವಳಿಗೂ ಈ ಮಾತು ಅನ್ವಯಿಸುತ್ತದೆ. ಘಟ್ಟದ ಬುಡದ ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ದಿನಾ ಬಂದು ಹೋಗುವ ಹುಡುಗಿಯ ಬಸ್ ಚಾರ್ಜು, ಮಧ್ಯಾಹ್ನದ ಊಟ, ಮೊಬೈಲ್ ಕರೆನ್ಸಿ ಲೆಕ್ಕ ಹಾಕಿ ನೋಡಿ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಿಕ್ಕಿತು, ನಿಜ. ಆದರೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ. ರಜೆಯಲ್ಲಿ ಗೇರುಬೀಜದ ಕಾರ್ಖಾನೆಗೋ ಕ್ಯಾಟರಿಂಗ್ ಕೆಲಸಕ್ಕೋ ಹೋಗಿ ಕಾಲೇಜಿನ ಫೀಸು ಹೊಂದಿಸುವ ಮಕ್ಕಳು ನಮ್ಮಲ್ಲಿದ್ದಾರೆ. ಅವರಿಗೆ ಉಚಿತ ಇಂಟರ್ನ್‌ಶಿಪ್ ಎಂದರೆ ಎರಡು ಪಟ್ಟು ನಷ್ಟ: ಖರ್ಚು ಒಂದು, ಕಳೆದುಕೊಂಡ ದುಡಿಮೆ ಇನ್ನೊಂದು. ನೆರೆ ಬಂದಾಗ ಮೊದಲು ಮುಳುಗುವ ಮನೆಗಳನ್ನು ಚೆನ್ನಾಗಿ ಬಲ್ಲವರೂ ಇದೇ ಮಕ್ಕಳು ಎಂಬುದನ್ನು ಮರೆಯಬಾರದು.

ಕೋವಿಡ್ ಕಲಿಸಿದ್ದು

2021ರ ಮೇ 3ರಂದು, ಎರಡನೇ ಅಲೆಯ ನಡುವೆ, ಕೇಂದ್ರ ಸರ್ಕಾರ ವೈದ್ಯಕೀಯ ಇಂಟರ್ನ್‌ಗಳನ್ನು ಕೋವಿಡ್ ಕರ್ತವ್ಯಕ್ಕೆ ಬಳಸಲು ತೀರ್ಮಾನಿಸಿತು. ಅಂತಿಮ ವರ್ಷದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ದೂರವಾಣಿ ಮೂಲಕ ಸಲಹೆ ನೀಡುವುದು, ಸೌಮ್ಯ ಲಕ್ಷಣದ ರೋಗಿಗಳ ಮೇಲೆ ನಿಗಾ ಇಡುವುದು ಎಂದಾಯಿತು. ನೂರು ದಿನ ದುಡಿದವರಿಗೆ ಮುಂದಿನ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ ಎಂದೂ ಹೇಳಲಾಯಿತು. ತುರ್ತು ಬಂದಾಗ ವಿದ್ಯಾರ್ಥಿಗಳು ಬೇಕೇ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಅದಕ್ಕೆ ಒಂದು ವರ್ಷ ಮೊದಲು, 2020ರ ಬೇಸಿಗೆ-ಮಳೆಗಾಲದಲ್ಲಿ, ದಾವಣಗೆರೆಯ ಕಿರಿಯ ವೈದ್ಯರು ತಿಂಗಳುಗಟ್ಟಲೆ ಬಾಕಿ ಉಳಿದ ಶಿಷ್ಯವೇತನಕ್ಕಾಗಿ ಬೀದಿಗಿಳಿಯಬೇಕಾಯಿತು. ಅದೇ ವರ್ಷ ಆಶಾ ಕಾರ್ಯಕರ್ತೆಯರೂ ಗೌರವಧನಕ್ಕಾಗಿ ಮುಷ್ಕರ ಹೂಡಿದರು. ಚಪ್ಪಾಳೆ ತಟ್ಟಿ, ದೀಪ ಹಚ್ಚಿ ಗೌರವಿಸಿದ ಕೈಗಳೇ ಕೂಲಿ ಕೊಡುವಾಗ ಹಿಂಜರಿದವು ಎಂದರೆ ಕಟುವಾದೀತೇನೋ. ಆದರೆ ಸುಳ್ಳಾಗದು.

ಸೇವೆಗೆ ಹಣ ಕೇಳುವುದು ಸರಿಯೇ?

ನಮ್ಮವರೇ ಕೆಲವರು ಕೇಳಬಹುದು: "ಸೇವೆ ಎಂದ ಮೇಲೆ ಹಣದ ಮಾತೇಕೆ? ನಮ್ಮ ಧರ್ಮಭಗಿನಿಯರು ಕುಷ್ಠರೋಗಿಗಳ ಸೇವೆ ಮಾಡಿದ್ದು ಸಂಬಳಕ್ಕಾಗಿಯೇ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಧರ್ಮಭಗಿನಿಯರ ಊಟ, ವಸತಿ, ಔಷಧಿ, ವೃದ್ಧಾಪ್ಯದ ಹೊಣೆಯನ್ನು ಅವರ ಸಭೆ ಹೊತ್ತಿತ್ತು. ಅವರ ತ್ಯಾಗದ ಹಿಂದೆ ಒಂದು ಮನೆ ಇತ್ತು. ಬಡ ವಿದ್ಯಾರ್ಥಿಯ ಹಿಂದೆ ಏನಿದೆ?

ಯೇಸುಸ್ವಾಮಿ ಎಪ್ಪತ್ತೆರಡು ಮಂದಿ ಶಿಷ್ಯರನ್ನು ಊರೂರಿಗೆ ಕಳುಹಿಸಿದ ಪ್ರಸಂಗ ಸಂತ ಲೂಕರ ಶುಭಸಂದೇಶದಲ್ಲಿದೆ. ಅಲ್ಲಿ ಅವರು, ಹೋದ ಮನೆಯಲ್ಲಿ ಕೊಟ್ಟದ್ದನ್ನು ಉಣ್ಣಿರಿ ಎನ್ನುತ್ತಾರೆ. ದುಡಿಯುವವನಿಗೆ ಕೂಲಿ ಸಲ್ಲತಕ್ಕದ್ದು ಎಂಬ ಕಾರಣವನ್ನೂ ಕೊಡುತ್ತಾರೆ. ಗಮನಿಸಿ, ಇದು ಸೇವೆಗೆ ಹೊರಟವರ ಕುರಿತೇ ಆಡಿದ ಮಾತು. ಬಡ ಆಳಿನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂಬುದು ಧರ್ಮೋಪದೇಶಕಾಂಡದ ಆಜ್ಞೆ. 1891ರಲ್ಲಿ ಪೋಪ್ ಹದಿಮೂರನೇ ಲಿಯೋ 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿಯ ವಿಷಯವನ್ನು ಎತ್ತಿದರು. 2025ರ ಮೇಯಲ್ಲಿ ಆಯ್ಕೆಯಾದ ಪೋಪ್ ಹದಿನಾಲ್ಕನೇ ಲಿಯೋ ಅವರು ಆ ಹೆಸರನ್ನು ಆರಿಸಿಕೊಂಡದ್ದಕ್ಕೆ ಅದೇ ವಿಶ್ವಪತ್ರವನ್ನು ನೆನಪಿಸಿಕೊಂಡರು.

ಆದುದರಿಂದ ಭತ್ಯೆ ಸೇವೆಯ ಬೆಲೆಯಲ್ಲ. ಬಡವರ ಮಕ್ಕಳೂ ಸೇವೆ ಮಾಡಲು ಸಾಧ್ಯವಾಗಿಸುವ ದಾರಿ ಅದು.

ಎಚ್ಚರಿಕೆಯೂ ಬೇಕು

ಹಾಗೆಂದು ಇಂಟರ್ನ್‌ಗಳನ್ನು ತುಂಬಿಸಿದರೆ ಎಲ್ಲ ಸರಿಯಾಗುತ್ತದೆ ಎಂದು ನಾವು ಹೇಳುವುದಿಲ್ಲ. ಕಡಿಮೆ ಹಣಕ್ಕೆ ಸಿಗುವ ವಿದ್ಯಾರ್ಥಿಗಳನ್ನು ತೋರಿಸಿ ಖಾಲಿ ಬಿದ್ದ ಆರೋಗ್ಯ ಸಹಾಯಕರ ಹುದ್ದೆಗಳನ್ನು ತುಂಬದೆ ಬಿಡುವ ಅಪಾಯವಿದೆ. 'ಕಾರ್ಯಕರ್ತೆ' ಎಂಬ ಹೆಸರಿನಲ್ಲಿ ನೌಕರರ ಕೆಲಸ ಮಾಡಿಸಿಕೊಂಡು ನೌಕರರ ಸ್ಥಾನ ಕೊಡದಿರುವುದನ್ನು ಆಶಾ ಅಕ್ಕಂದಿರ ವಿಷಯದಲ್ಲಿ ನೋಡಿದ್ದೇವೆ. 2025ರ ಜನವರಿಯ ಚಳಿಯಲ್ಲೂ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕುಳಿತರು. ವಿದ್ಯಾರ್ಥಿಗಳ ಕೆಲಸಕ್ಕೆ ಮಿತಿ, ಅವಧಿ, ಮಾರ್ಗದರ್ಶಕರು, ವಿಮೆ ಇರಬೇಕು. ಕುಸಿಯುವ ಗುಡ್ಡದ ಕೆಳಗೆ, ಉಕ್ಕುವ ಹೊಳೆಯ ಬದಿಗೆ ಅವರನ್ನು ಕಳುಹಿಸಕೂಡದು. ರೋಗಿಗಳ ವಿವರಗಳ ಗೌಪ್ಯತೆ ಕಾಪಾಡುವ ಪಾಠ ಮೊದಲ ದಿನವೇ ಆಗಬೇಕು.

ಏನು ಮಾಡಬಹುದು?

2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. 2025ರ ತಿದ್ದುಪಡಿಯಲ್ಲಿ ಮಹಾನಗರ ಪಾಲಿಕೆ ಇರುವ ನಗರಗಳಿಗೆ ಪ್ರತ್ಯೇಕ ಪ್ರಾಧಿಕಾರ ರಚಿಸಲೂ ಅವಕಾಶ ಮಾಡಲಾಗಿದೆ. ಪ್ರಾಧಿಕಾರವನ್ನು ಕಾಗದದ ಮೇಲೆ ರಚಿಸಿದರೆ ಸಾಲದು, ಓಡಾಡಿ ಮಾಹಿತಿ ತರುವ ಕಾಲುಗಳೂ ಬೇಕು.

ಲೆಕ್ಕ ದೊಡ್ಡದೇನಲ್ಲ. ಒಂದು ಜಿಲ್ಲೆಗೆ 40 ವಿದ್ಯಾರ್ಥಿಗಳು, ಮಳೆಗೆ ಮೊದಲಿನ ಎರಡು ತಿಂಗಳು, ತಿಂಗಳಿಗೆ 5,000 ರೂಪಾಯಿ. ಒಟ್ಟು 4 ಲಕ್ಷ. ರಾಜ್ಯದ 31 ಜಿಲ್ಲೆಗಳಿಗೂ ಸೇರಿ 1 ಕೋಟಿ 24 ಲಕ್ಷ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುವ ಯುವನಿಧಿಯನ್ನು 2024ರ ಜನವರಿಯಲ್ಲಿ ಆರಂಭಿಸಿದ ರಾಜ್ಯಕ್ಕೆ ಇದು ಭಾರವಾಗದು. ಹೊಸ ಗಂಜಿಕೇಂದ್ರಗಳ ಪಟ್ಟಿ, ಹಾಸಿಗೆ ಹಿಡಿದವರ ಪಟ್ಟಿ, ಪ್ರತಿ ವಾರ್ಡಿನ ದೂರವಾಣಿ ಪಟ್ಟಿ ಮೇ ಕೊನೆಗೆ ಸಿದ್ಧವಾಗಿದ್ದರೆ, 1077ಕ್ಕೆ ಕರೆ ಬಂದಾಗ ಉತ್ತರಿಸುವವರ ಕೈಯಲ್ಲಿ ಮಾಹಿತಿ ಇರುತ್ತದೆ.

ಸರ್ಕಾರವನ್ನು ಕೇಳುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ನಮ್ಮ ಆಸ್ಪತ್ರೆ, ಶಾಲೆ, ಸಮಾಜಸೇವಾ ಸಂಸ್ಥೆಗಳಲ್ಲಿ 'ಅನುಭವ ಸಿಗುತ್ತದಲ್ಲ' ಎಂದು ಹೇಳಿ ಯುವಜನರಿಂದ ಪುಕ್ಕಟೆ ದುಡಿಸಿಕೊಳ್ಳುವ ಅಭ್ಯಾಸ ಇದ್ದರೆ ಅದನ್ನು ಇಂದೇ ಪ್ರಶ್ನಿಸಬೇಕು. ಕನಿಷ್ಠ ಪ್ರಯಾಣ ಮತ್ತು ಊಟದ ಖರ್ಚನ್ನಾದರೂ ಕೊಡಲಾಗದ ಸಂಸ್ಥೆ ನಮ್ಮಲ್ಲಿ ಇರಬಾರದು.

ಧರ್ಮಕೇಂದ್ರದ ಮಟ್ಟದಲ್ಲೂ ಮಾಡುವುದು ಸಾಧ್ಯ. ವಾರ್ಷಿಕ ಹಬ್ಬದ ಪಟಾಕಿ-ಲೈಟಿಂಗ್ ಖರ್ಚಿನ ಒಂದು ಭಾಗವನ್ನು ಪಾಲನಾ ಮಂಡಳಿ ತೆಗೆದಿಟ್ಟರೆ, ಬೇಸಿಗೆ ರಜೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದೊಂದಿಗೆ ಕೆಲಸ ಮಾಡುವ ಇಬ್ಬರು ವಿದ್ಯಾರ್ಥಿಗಳಿಗೆ ಭತ್ಯೆ ಕೊಡಬಹುದು. ಅವರು ನಮ್ಮವರೇ ಆಗಬೇಕೆಂದಿಲ್ಲ. ನೆರೆಮನೆಯ ಹಿಂದೂ, ಮುಸ್ಲಿಂ ಮಕ್ಕಳೂ ಆಗಬಹುದು, ಆಗಬೇಕು. ನೆರೆ ನೀರು ಜಾತಿ-ಮತ ಕೇಳಿ ಒಳಗೆ ಬರುವುದಿಲ್ಲ. ಪ್ರತಿ ವಾಳೆಯ ಗುರಿಕಾರರಿಗೆ ತಮ್ಮ ವಾಳೆಯ ಹಾಸಿಗೆ ಹಿಡಿದವರು, ಒಂಟಿ ವೃದ್ಧರು ಯಾರೆಂದು ಗೊತ್ತಿರುತ್ತದೆ. ಆ ತಿಳಿವಳಿಕೆಯನ್ನು, ಮನೆಯವರ ಒಪ್ಪಿಗೆ ಪಡೆದು, ಪಂಚಾಯತಿಗೆ ತಲುಪಿಸುವುದು ಮೊದಲ ಹೆಜ್ಜೆಯಾಗಲಿ.

2018ರ ಕೇರಳದ ಮಹಾನೆರೆಯಲ್ಲಿ ಮೀನುಗಾರರು ದೋಣಿಗಳನ್ನು ಲಾರಿಗೇರಿಸಿಕೊಂಡು ಬಂದು ಸಾವಿರಾರು ಜನರನ್ನು ಕಾಪಾಡಿದರು. ಸರ್ಕಾರ ದೋಣಿಗೆ ದಿನಕ್ಕೆ 3,000 ರೂಪಾಯಿ ಮತ್ತು ಇಂಧನ ಕೊಡುವುದಾಗಿ ಹೇಳಿದಾಗ, ಜೀವ ಉಳಿಸಿದ್ದಕ್ಕೆ ಹಣ ಬೇಡ ಎಂದವರು ಅವರಲ್ಲಿದ್ದರು. ಅದು ಅವರ ದೊಡ್ಡತನ. ಆದರೆ ಕೊಡುವುದಾಗಿ ಹೇಳಿದ್ದು ಸರ್ಕಾರದ ಕರ್ತವ್ಯವಾಗಿತ್ತು. ಬೇಡ ಎನ್ನುವ ಹಕ್ಕು ದುಡಿದವರದ್ದು; ಕೊಡುವುದಿಲ್ಲ ಎನ್ನುವ ಹಕ್ಕು ದುಡಿಸಿಕೊಂಡವರದ್ದಲ್ಲ.

ಮುಂದಿನ ಪಾಲನಾ ಮಂಡಳಿಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂಬುದು ನಮ್ಮ ವಿನಂತಿ.