ತುಂಗಭದ್ರೆಯ ಗದ್ದೆಯೂ ನಮ್ಮ ತಟ್ಟೆಯೂ

1876ರಿಂದ 1878ರವರೆಗೆ ಬಳ್ಳಾರಿ ಸೀಮೆಯನ್ನೂ ಅದರ ನೆರೆನಾಡುಗಳನ್ನೂ ಹಾಳುಗೆಡಹಿದ ಕ್ಷಾಮದ ಭೀತಿ ತಲೆಮಾರುಗಳವರೆಗೆ ಆ ಜನರ ಮನಸ್ಸಿನಲ್ಲಿ ಉಳಿದಿತ್ತು. ತುಂಗಭದ್ರೆಗೆ ಅಣೆಕಟ್ಟು ಬೇಕೆಂಬ ಬೇಡಿಕೆಗೆ ಬಲ ಬಂದದ್ದು ಆ ಭೀತಿಯಿಂದಲೇ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ಹರಿಯತೊಡಗಿದಾಗ, ಯೋಜನೆಯನ್ನು ರೂಪಿಸಿದವರ ಮನಸ್ಸಿನಲ್ಲಿದ್ದ ಚಿತ್ರವೇ ಬೇರೆ. ಇದ್ದ ನೀರನ್ನು ತೆಳುವಾಗಿಯಾದರೂ ವಿಸ್ತಾರವಾದ ಭೂಭಾಗಕ್ಕೆ ಹಂಚಿ, ಜೋಳ, ಹತ್ತಿ, ಶೇಂಗಾಗಳಂಥ ಅಲ್ಪ ನೀರು ಬೇಡುವ ಬೆಳೆಗಳಿಗೆ ಆಸರೆಯಾಗಿ, ಮಳೆ ಕೈಕೊಟ್ಟ ವರ್ಷವೂ ಯಾವ ಮನೆಯ ಒಲೆಯೂ ಆರದಂತೆ ನೋಡಿಕೊಳ್ಳಬೇಕೆಂಬುದು ಅವರ ಸಂಕಲ್ಪವಾಗಿತ್ತು. ಬತ್ತಕ್ಕೆ ಗೊತ್ತುಮಾಡಿದ ನೆಲ ಅತ್ಯಲ್ಪ.

ನಡೆದುದು ಅನ್ಯಥಾ. ಇಂದು ಗಂಗಾವತಿಯಿಂದ ಸಿಂಧನೂರಿನ ಕಡೆಗೆ ಹೋಗುವವರಿಗೆ ಎಡದಂಡೆ ಕಾಲುವೆಯ ಉದ್ದಕ್ಕೂ ಕಾಣುವುದು ಬತ್ತ, ಮತ್ತೆ ಬತ್ತ. ಕೃಷ್ಣಾ ಗೋದಾವರಿಗಳ ಬಯಲಿನಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲಸಿದ ರೈತರೂ, ಅವರನ್ನು ನೋಡಿ ಗದ್ದೆಯ ಕೆಲಸವನ್ನು ಕಲಿತ ಸ್ಥಳೀಯರೂ ಏರುತಗ್ಗಿನ ನೆಲವನ್ನು ಸಮಮಾಡಿ ಬೆಳೆದ ಸೋನಾ ಮಸೂರಿ, ಬೆಂಗಳೂರಿನ ಅಡುಗೆಮನೆಗಳನ್ನು ದಾಟಿ ದೂರದೂರದ ಪೇಟೆಗಳನ್ನು ಮುಟ್ಟಿತು. ಈ ಶ್ರಮವನ್ನು ಹಗುರಾಗಿ ಕಾಣುವವರು ಕ್ಷಾಮದ ಚರಿತ್ರೆಯನ್ನು ಓದಿದವರಲ್ಲ. ಆದರೆ ಆ ಅನ್ನಕ್ಕೆ ನೆಲವು ತೆತ್ತ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೂ ಅಷ್ಟೇ ಅನ್ಯಾಯ.

ಆ ನೆಲದ ಸ್ವಭಾವವನ್ನು ಕೊಂಚ ಅರಿಯಬೇಕು. ಎರೆಮಣ್ಣಿನ ಜೇಡಿಕಣಗಳು ನೀರುಂಡು ಹಿಗ್ಗುತ್ತವೆ, ಒಣಗಿದಾಗ ಕುಗ್ಗಿ ಮೊಳದಾಳದ ಬಿರುಕು ಬಿಡುತ್ತವೆ. ಮುಂಗಾರಿನ ತೇವವನ್ನು ತಿಂಗಳುಗಟ್ಟಲೆ ಒಡಲಲ್ಲಿ ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯ ಅದಕ್ಕಿರುವುದರಿಂದಲೇ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ, ಮುಂದೆ ಮಳೆಯ ಹಂಗಿಲ್ಲದೆ, ಆ ಸಂಚಿತ ತೇವದ ಮೇಲೆಯೇ ತೆನೆಗಟ್ಟುತ್ತದೆ. ಆದರೆ ನೀರನ್ನು ಹಿಡಿದಿಡುವ ಈ ಗುಣವೇ ನೀರು ನಿಂತಾಗ ದೋಷವಾಗಿ ಪರಿಣಮಿಸುತ್ತದೆ. ಎರೆಯಲ್ಲಿ ನೀರು ಕೆಳಕ್ಕೆ ಬಸಿಯುವುದು ಬಲು ನಿಧಾನ. ವರ್ಷಕ್ಕೆ ಎರಡು ಬೆಳೆ ಬತ್ತಕ್ಕೆಂದು ನೀರು ಕಟ್ಟಿ ನಿಲ್ಲಿಸಿದರೆ, ಅಂತರ್ಜಲ ಮೇಲೇರಿ, ತಳದಲ್ಲಿ ಅಡಗಿದ್ದ ಲವಣವನ್ನು ಕರಗಿಸಿಕೊಂಡು ಬೇರಿನ ವಲಯಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋದ ಮೇಲೆ ಉಪ್ಪು ಮಾತ್ರ ಮೇಲ್ಮಣ್ಣಿನಲ್ಲಿ ಬೆಳ್ಳಗೆ ಉಳಿಯುತ್ತದೆ. ಸವಳು-ಜವಳು ಹಿಡಿದ ಹೊಲವನ್ನು ಮತ್ತೆ ಹದಕ್ಕೆ ತರಲು ನೆಲದೊಳಗೆ ಬಸಿಗಾಲುವೆಗಳನ್ನು ಹೂಳಬೇಕು, ಸೋಡಿಯಂ ಹೆಚ್ಚಿರುವಲ್ಲಿ ಜಿಪ್ಸಂ ಹಾಕಬೇಕು, ಉಪ್ಪನ್ನು ತೊಳೆಯಲು ಒಳ್ಳೆಯ ನೀರು ಹರಿಸಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಉಪಾಯಗಳನ್ನು ಬಹುಕಾಲದಿಂದ ಪರೀಕ್ಷಿಸಿ ತೋರಿಸಿದ್ದಾರೆ. ಆದರೆ ಒಬ್ಬ ಸಣ್ಣ ಹಿಡುವಳಿದಾರನು ತನ್ನ ಹೊಲದಲ್ಲಿ ಮಾತ್ರ ಬಸಿಗಾಲುವೆ ತೋಡಿ ಪ್ರಯೋಜನವಿಲ್ಲ, ಮೇಲಿನ ಗದ್ದೆಯ ನೀರು ಅವನ ನೆಲಕ್ಕೆ ಜಿನುಗುತ್ತಲೇ ಇರುತ್ತದೆ. ಕಾಲುವೆಯ ತಲೆಯಲ್ಲಿರುವವರು ನೀರಿನ ಅತಿಶಯದಿಂದ ನೆಲವನ್ನು ಕಳೆದುಕೊಳ್ಳುತ್ತಿರುವಾಗ, ರಾಯಚೂರಿನ ಕಡೆಯ ಕೊನೆಯಂಚಿನವರು ನೀರೇ ತಲಪದೆ ಬೆಳೆಯನ್ನು ಕಳೆದುಕೊಳ್ಳುತ್ತಿರುವುದು ಈ ಕಥೆಯ ಅತ್ಯಂತ ನೋವಿನ ಭಾಗ.

ನೀರಿನ ಜೊತೆಗೆ ಗೊಬ್ಬರದ ವಿಷಯವೂ ಹೆಣೆದುಕೊಂಡಿದೆ. 45 ಕಿಲೋ ತೂಕದ ಯೂರಿಯಾ ಚೀಲವೊಂದು ರೈತನಿಗೆ ಸುಮಾರು 266 ರೂಪಾಯಿಗೆ ಸಿಗುತ್ತದೆ. 50 ಕಿಲೋ ಡಿಎಪಿಗೆ 1,350 ರೂಪಾಯಿ, ಪೊಟ್ಯಾಷ್ ಅದಕ್ಕಿಂತಲೂ ದುಬಾರಿ. 2010ರಲ್ಲಿ ಕೇಂದ್ರ ಸರ್ಕಾರವು ಪೋಷಕಾಂಶ ಆಧಾರಿತ ಸಹಾಯಧನವನ್ನು ಜಾರಿಗೆ ತಂದಾಗ ಯೂರಿಯಾವನ್ನು ಅದರ ಹೊರಗಿಟ್ಟ ನಿರ್ಣಯವೇ ಈ ಅಂತರದ ಮೂಲ. ಸಾರಜನಕ ಬಿದ್ದೊಡನೆ ಪೈರು ಕಣ್ಣಿಗೆ ತಂಪಾಗುವಂತೆ ಹಸಿರೇರುತ್ತದೆ, ಬೆಲೆಯೂ ಅಗ್ಗ; ಸಾಲದ ಭಾರ ಹೊತ್ತ ರೈತನು ಇನ್ನೊಂದು ಚೀಲ ಎರಚಿದನೆಂದರೆ ಅದನ್ನು ಅವನ ಅಜ್ಞಾನವೆನ್ನುವುದು ಹೇಗೆ? ಆದರೆ ನೀರು ನಿಂತ ಗದ್ದೆಯಲ್ಲಿ ಎರಚಿದ ಸಾರಜನಕದ ಅರ್ಧಕ್ಕಿಂತ ಕಡಮೆ ಭಾಗ ಪೈರಿಗೆ ದಕ್ಕುತ್ತದೆ, ಉಳಿದುದು ಗಾಳಿಗೂ ನೀರಿಗೂ ಸೇರಿಹೋಗುತ್ತದೆ. ಅತಿಯಾಗಿ ಹಸಿರೇರಿದ ಮೃದುವಾದ ಪೈರನ್ನು ಬೆಂಕಿರೋಗವೂ ಕಂದು ಜಿಗಿಹುಳವೂ ಬೇಗ ಮುತ್ತುವುದರಿಂದ, ಅಗ್ಗದ ಗೊಬ್ಬರದಲ್ಲಿ ಉಳಿಸಿದ ಹಣ ಕೀಟನಾಶಕದ ಅಂಗಡಿಯಲ್ಲಿ ಕರಗುತ್ತದೆ. ಇತ್ತ ಎತ್ತುಗಳು ಹೋಗಿ ಯಂತ್ರಗಳು ಬಂದಮೇಲೆ ತಿಪ್ಪೆ ಬರಿದಾಯಿತು. ಕೊಯ್ಲಿನ ಯಂತ್ರ ಬಿಟ್ಟುಹೋದ ಹುಲ್ಲಿಗೆ ಅಲ್ಲಲ್ಲಿ ಬೆಂಕಿಯಿಡುವ ರೂಢಿಯೂ ಹಬ್ಬಿತು. ನೆಲಕ್ಕೆ ಹಿಂತಿರುಗಬೇಕಾದ ಸಾವಯವಾಂಶ ಹೊಗೆಯಾಗಿ ಹೋಗುವುದನ್ನು ಕಂಡರೆ ಯಾರಿಗಾದರೂ ಸಂಕಟವಾದೀತು.

ಮಣ್ಣಿನ ಈ ದಾರಿದ್ರ್ಯ ಅನ್ನದವರೆಗೂ ಬರುತ್ತದೆ. ಸತುವಿನ ಉದಾಹರಣೆಯೊಂದೇ ಸಾಕು. ಕ್ಷಾರಗುಣ ಹೆಚ್ಚಿದ, ಸದಾ ನೀರಿನಲ್ಲಿ ಮುಳುಗಿದ ಮಣ್ಣಿನಲ್ಲಿ ಸತು ಇದ್ದರೂ ಬೇರಿಗೆ ಎಟುಕುವುದಿಲ್ಲ. 1960ರ ದಶಕದಲ್ಲಿ ಪಂತನಗರದಲ್ಲಿ ಸಸ್ಯರೋಗತಜ್ಞ ವೈ. ಎಲ್. ನೆನೆ ಅವರು ಬತ್ತದ ಖೈರಾ ಎಂಬ ವ್ಯಾಧಿಯ ಕಾರಣವನ್ನು ಹುಡುಕುತ್ತ ಹೋದಾಗ ಅವರಿಗೆ ಕಂಡುದು ರೋಗಾಣುವಲ್ಲ, ಸತುವಿನ ಕೊರತೆ. ಇಂಥ ನೆಲದ ಕಾಳಿನಲ್ಲಿಯೂ ಸತು ಕಡಮೆಯಾಗುತ್ತದೆ. ಆ ಕಾಳನ್ನು ಗಿರಣಿಯಲ್ಲಿ ಬೆಳ್ಳಗೆ ಪಾಲಿಷ್ ಮಾಡಿ, ಇದ್ದ ತವುಡನ್ನೂ ಅದರೊಡನೆ ಜೀವಸತ್ವವನ್ನೂ ತೆಗೆದಮೇಲೆ, ಮೂರು ಹೊತ್ತೂ ಅದನ್ನೇ ಉಣ್ಣುವ ಬಡವರ ಮಕ್ಕಳ ಬೆಳವಣಿಗೆಗೆ ಒದಗುವುದಾದರೂ ಏನು? ಹೊಟ್ಟೆ ತುಂಬಿದರೂ ರಕ್ತ ಸಾಲದ ತಾಯಂದಿರು ಕಲ್ಯಾಣ ಕರ್ನಾಟಕದಲ್ಲಿ ಇಷ್ಟೊಂದು ಮಂದಿ ಇರುವಾಗ, ಜೋಳದ ರೊಟ್ಟಿ, ತೊಗರಿಯ ಬೇಳೆ, ಪುಂಡಿಸೊಪ್ಪಿನ ಪಲ್ಯೆಗಳ ಊಟ ಹಿಂದೆ ಸರಿದು ಬರಿಯ ಅನ್ನ ಮುಂದೆ ಬಂದುದರ ಪರಿಣಾಮವನ್ನು ಕೃಷಿನೀತಿಯ ಚರ್ಚೆಯಿಂದ ಹೊರಗಿಡುವುದು ಸಾಧ್ಯವಿಲ್ಲ.

ಹಾಗೆಂದು ರಾಸಾಯನಿಕ ಗೊಬ್ಬರವನ್ನು ವಿಷವೆಂದು ಜರೆಯುವವರ ಪಕ್ಷವನ್ನು ನಾನು ವಹಿಸಲಾರೆ. 2021ರಲ್ಲಿ ಶ್ರೀಲಂಕಾ ಸರ್ಕಾರವು ಅದರ ಆಮದನ್ನು ಒಮ್ಮೆಗೇ ನಿಷೇಧಿಸಿ, ಬತ್ತವೂ ಚಹವೂ ಕುಸಿದು, ಅದೇ ವರ್ಷದ ನವೆಂಬರಿನೊಳಗೆ ಹೆಜ್ಜೆ ಹಿಂದಿಡಬೇಕಾಯಿತು. ಆ ಆತುರದ ಕಷ್ಟವನ್ನು ಅನುಭವಿಸಿದವರು ಸಣ್ಣ ರೈತರೇ. ಅರವತ್ತರ ದಶಕದಲ್ಲಿ ಅಮೆರಿಕದ ಗೋಧಿಯ ಹಡಗಿಗಾಗಿ ಕಾದು ಕುಳಿತಿದ್ದ ದೇಶವು ಸ್ವಾವಲಂಬಿಯಾದುದರಲ್ಲಿ ಯೂರಿಯಾದ ಪಾಲು ಹಿರಿದು. ಗೊಬ್ಬರ ಬೇಕು, ಸಾವಯವವೂ ಬೇಕು, ಎರಡೂ ಮಣ್ಣಿನ ಅಗತ್ಯವನ್ನು ನೋಡಿ ಬೇಕು.

ಆ ಅಗತ್ಯವನ್ನು ತಿಳಿಯುವ ಸಾಧನಗಳಿಗೆ ಕೊರತೆಯಿಲ್ಲ. ಕರ್ನಾಟಕವು 2009ರಲ್ಲಿ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯೊಡನೆ ಆರಂಭಿಸಿದ ಭೂಚೇತನ ಕಾರ್ಯಕ್ರಮವು, ನಮ್ಮ ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತು, ಬೋರಾನ್‌ಗಳ ಅಭಾವ ಎಷ್ಟು ವ್ಯಾಪಕವೆಂಬುದನ್ನು ಜಿಲ್ಲೆ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. 2015ರ ಮಣ್ಣು ಆರೋಗ್ಯ ಚೀಟಿಯು 12 ಅಂಶಗಳನ್ನು ಅಳೆದು ರೈತನ ಕೈಗೆ ಕೊಡುತ್ತದೆ. ಆದರೆ ಚೀಟಿಯು ಯೂರಿಯಾ ಕಡಮೆಮಾಡೆಂದು ಬುದ್ಧಿ ಹೇಳುತ್ತಿರುವಾಗಲೇ ಅಂಗಡಿಯ ಬೆಲೆಪಟ್ಟಿ ಇನ್ನಷ್ಟು ಕೊಳ್ಳೆಂದು ಕರೆಯುತ್ತಿದ್ದರೆ ರೈತನು ಯಾವ ಮಾತನ್ನು ಕೇಳಿಯಾನು? ಜೋಳ ಬೆಳೆಯೆಂದು ಇಲಾಖೆ ಸಲಹೆ ನೀಡಬಹುದು. ಒಕ್ಕಣೆಯಾದ ದಿನ ಅದನ್ನು ಕೊಳ್ಳುವವರಿಲ್ಲದಿದ್ದರೆ, ಗಿರಣಿಯವರು ಮನೆಬಾಗಿಲಿಗೆ ಬಂದು ಕೊಳ್ಳುವ ಬತ್ತವನ್ನು ಅವನು ಬಿಡುವನೆಂದು ನಿರೀಕ್ಷಿಸುವುದು ನ್ಯಾಯವಲ್ಲ. ನೆಲವನ್ನು ಕೆಡಿಸುತ್ತಿರುವುದು ರೈತನ ಕೈಯಾದರೂ ಆ ಕೈಯನ್ನು ನಡೆಸುತ್ತಿರುವುದು ಬೆಲೆ ಮತ್ತು ಖರೀದಿಯ ನೀತಿ ಎಂಬುದನ್ನು ಒಪ್ಪಿಕೊಳ್ಳದೆ ಯಾವ ಮಣ್ಣಿನ ಅಭಿಯಾನವೂ ಫಲಿಸದು.

ಯೂರಿಯಾಕ್ಕೆ ಹೋಗುವ ಸಹಾಯಧನದ ಒಂದು ಭಾಗವನ್ನು ಕ್ರಮಕ್ರಮವಾಗಿ ಎಕರೆವಾರು ಹಣವಾಗಿ ರೈತನಿಗೇ ಕೊಟ್ಟರೆ, ಅವನು ಅದರಿಂದ ಸತುವಿನ ಸಲ್ಫೇಟನ್ನಾದರೂ, ಹಸಿರುಗೊಬ್ಬರಕ್ಕೆ ಡಯಾಂಚದ ಬೀಜವನ್ನಾದರೂ, ಕುರಿಮಂದೆ ನಿಲ್ಲಿಸುವ ಖರ್ಚನ್ನಾದರೂ ತನ್ನ ಹೊಲಕ್ಕೆ ತಕ್ಕಂತೆ ಆರಿಸಿಕೊಳ್ಳಬಲ್ಲ. ಬಸಿಗಾಲುವೆಯ ಕೆಲಸವನ್ನು ಉಪಕಾಲುವೆಯ ಇಡೀ ಅಚ್ಚುಕಟ್ಟಿಗೆ ಒಂದೇ ಬಾರಿ, ಸರ್ಕಾರದ ವೆಚ್ಚದಲ್ಲಿ ಮಾಡತಕ್ಕದ್ದು. ಎಲ್ಲಕ್ಕಿಂತ ಮೊದಲು, 2013ರಲ್ಲಿ ಅನ್ನಭಾಗ್ಯದ ಮೂಲಕ ಮನೆಮನೆಗೆ ಅಕ್ಕಿ ಮುಟ್ಟಿಸಿದ ರಾಜ್ಯವು, ಈಚೆಗೆ ಪಡಿತರದಲ್ಲಿ ಜೋಳ ರಾಗಿಗಳನ್ನು ಸೇರಿಸಿದ ತನ್ನ ನಡೆಯನ್ನು ವರ್ಷದಿಂದ ವರ್ಷಕ್ಕೆ ಅಳ್ಳಾಡದ ನಿಯಮವನ್ನಾಗಿ ಮಾಡಬೇಕು. ಖರೀದಿಯ ಬೆಲೆ ಮತ್ತು ಪ್ರಮಾಣ ಹಿಂಗಾರಿ ಬಿತ್ತನೆಗೆ ಮುನ್ನ, ಅಂದರೆ ಆಗಸ್ಟಿನೊಳಗೇ ಪ್ರಕಟವಾಗಬೇಕು. ಖರೀದಿ ಕೇಂದ್ರಗಳು ದಲ್ಲಾಳಿಗೆ ಜೋಳ ಹೋದಮೇಲಲ್ಲ, ಸಿಂಧನೂರು, ಮಾನ್ವಿಗಳ ಕಣಗಳಲ್ಲಿ ರಾಶಿಯಾಗುವ ವಾರದಲ್ಲಿಯೇ ತೆರೆಯಬೇಕು.