ನ್ಯಾನೋ ತೋರಿಸಿ ಬಾಗಿಲು ಮುಚ್ಚಬೇಡಿ!



ಅಟ್ಟಕ್ಕೆ ಹೊಸ ಫೈಬರ್ ಶೀಟು ಬಡಿಸಿದ ಧಣಿಯೊಬ್ಬರ ಬಳಿಗೆ ಹೋಗಿ, ಹಿಂಬಾಗಿಲಿಗೆ ಅಡ್ಡ ಪೇರಿಸಿದ ಸೋಡಾ ಪೆಟ್ಟಿಗೆಗಳನ್ನು ತೆಗೆಸಿರೆಂದು ಕೇಳಿದೆವು. ಬಂದ ಉತ್ತರ: "ಇದು ನ್ಯಾನೋ ಬೆರೆಸಿದ ಮಾಲು, ಬೆಂಕಿಯೇ ಹಿಡಿಯುವುದಿಲ್ಲ. ಬಾಗಿಲು ಯಾಕೆ?" ಆ ಅಟ್ಟದ ಮೇಲೆ ರಾತ್ರಿ ಹನ್ನೊಂದು ಮಂದಿ ಮಲಗುತ್ತಾರೆ. ಧಣಿಗಳು ಮಲಗುವುದಿಲ್ಲ.

ಏನಿದು ನ್ಯಾನೋ? ನಾವು ಏಳನೆಯ ಇಯತ್ತೆ ದಾಟದವರು. ಆದರೂ ಬಲ್ಲವರನ್ನು ಕೇಳಿ ತಿಳಿದೆವು. ಪ್ಲಾಸ್ಟಿಕ್ಕಿನ ರಾಳ ಕಲ್ಲೆಣ್ಣೆಯ ಸಂತಾನ. ಕಾದರೆ ಆವಿ ಬಿಡುತ್ತದೆ, ಉರಿಯುವುದು ಆ ಆವಿ. ಅದಕ್ಕೆ ನೂರಕ್ಕೆ ಐದು ಪಾಲು ಜೇಡಿಮಣ್ಣನ್ನು, ಒಂದೊಂದು ಪದರವೂ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ತೆಳುವಾಗುವಂತೆ ಬಿಡಿಸಿ ಬೆರೆಸುತ್ತಾರೆ. ಉರಿಯುವಾಗ ಮೇಲೆ ಕರಕಲು ಪದರ ಕಟ್ಟುತ್ತದೆ, ಕಾದ ಹಾಲಿಗೆ ಕೆನೆ ಕಟ್ಟಿದ ಹಾಗೆ. ಕಾವು ಬೇಗ ಒಳಗಿಳಿಯದು, ಆವಿ ಬೇಗ ಹೊರಬಾರದು. ಬೆಂಕಿಯ ಉಚ್ಚ ಕಾವು ಹೀಗೆ ಅರ್ಧಕ್ಕೂ ಕೆಳಗಿಳಿಯುವುದನ್ನು ಅಮೇರಿಕದ ಸರಕಾರಿ ಪ್ರಯೋಗಶಾಲೆ 1990ರ ದಶಕದಲ್ಲೇ ತೋರಿಸಿತು. ಒಳ್ಳೆಯ ವಿದ್ಯೆ. ನಾವು ಇದರ ವಿರೋಧಿಗಳಲ್ಲ.

ಆದರೆ ಅದೇ ವಿದ್ಯೆಯ ಉಳಿದರ್ಧವನ್ನು ಮಾರುವವರು ನುಂಗಿಬಿಡುತ್ತಾರೆ! ಮಣ್ಣೊಂದನ್ನೇ ಬೆರೆಸಿದರೆ ರಾಳಕ್ಕೆ ಬೆಂಕಿ ಹಿಡಿಯುವುದು ಸಾಮಾನ್ಯವಾಗಿ ತಡವಾಗುವುದಿಲ್ಲ. ಕೆಲವೊಮ್ಮೆ ಬೇಗವೇ ಹಿಡಿಯುತ್ತದೆ. ಒಟ್ಟು ಕಾವೂ ಹೆಚ್ಚುಕಡಿಮೆ ಅಷ್ಟೇ. ನಿಧಾನವಾಗಿ ಉರಿಯುತ್ತದೆ, ಉರಿಯದೆ ಇರುವುದಿಲ್ಲ. ಅದರಿಂದಲೇ ತಿಳಿದವರು ರಂಜಕದಂಥ ಬೇರೆ ದ್ರವ್ಯಗಳನ್ನೂ ಜತೆಗೆ ಸೇರಿಸುತ್ತಾರೆ. ಹೊಗೆಯಂತೂ ಏಳಿಯೇ ಏಳುತ್ತದೆ. ಹಾಗಾದರೆ ಸಿಕ್ಕಿದ್ದೇನು? ಒಂದಷ್ಟು ಹೊತ್ತು. ಆ ಹೊತ್ತು ಯಾತಕ್ಕೆ? ಬಾಗಿಲಿಗೆ ಓಡಲಿಕ್ಕೆ! ಬಾಗಿಲಲ್ಲಿ ಸೋಡಾ ಪೆಟ್ಟಿಗೆ.

2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಉರಿದು 72 ಜನ ಹೋದರು. ಗೋಡೆಗೆ ಹೊದಿಸಿದ್ದು ಪಾಲಿಎಥಿಲೀನ್ ತಿರುಳಿನ ಹಲಗೆ. ಇಂಥ ಮಾಲು ಮಾಡಿದವರು, ಮಾರಿದವರು ಪರೀಕ್ಷೆಯ ವಿಷಯದಲ್ಲಿ ಮೋಸ ಮಾಡಿದರೆಂದು 2024ರ ವಿಚಾರಣಾ ವರದಿ ಹೇಳಿದೆ. ಅಷ್ಟು ದೂರವೇಕೆ? ಅದೇ 2017ರ ಡಿಸೆಂಬರ್ 29ರ ನಡುರಾತ್ರಿ ನಮ್ಮ ಮುಂಬಯಿಯ ಕಮಲಾ ಮಿಲ್ಸ್ ಮಾಳಿಗೆಯಲ್ಲಿ 14 ಜನ ಸತ್ತರು, ಹೆಚ್ಚಿನವರು ಹೊಗೆಗೆ ಉಸಿರುಗಟ್ಟಿ.

ಧಣಿಗಳೇ, ನಿಮ್ಮ ಶೀಟಿನ ಪರೀಕ್ಷಾಪತ್ರ ತೋರಿಸಿ. ಯಾರು ಸುಟ್ಟು ನೋಡಿದರು, ಎಷ್ಟು ಹೊಗೆ ಎದ್ದಿತು, ಅದರಲ್ಲಿರಬೇಕು. ಪತ್ರ ಬಂದರೂ ಬಾಗಿಲು ತೆರೆದಿರಬೇಕು. ರಾತ್ರಿ ಶಟರಿನ ಬೀಗದ ಕೈ ಒಳಗೆ ಮಲಗುವವರ ಹತ್ತಿರವೇ ಇರಬೇಕು. ಪೆಟ್ಟಿಗೆಗಳನ್ನು ಇಂದು ರಾತ್ರಿಯೇ ನಾವು ಸರಿಸುತ್ತೇವೆ. ಕೂಲಿ ಕೇಳುವುದಿಲ್ಲ.